ಚುಕ್ಕಿ ಡ್ರೈವರ್ ಕಡೆಗೆ

ಜೂನ್ ೪

ಶ್ರೀಮಾನ್ ಕತ್ತರಿಯವರಿಗೆ,

ನಿನ್ನ ಅಕ್ಕನ ಗಂಡ ಮಾಡೋ ನಮಸ್ಕಾರ. ಕಾಗದದಲ್ಲಿ ಮಾತ್ರ. ಎದುರಿಗೆ ಸಿಕ್ಕಿದ್ರೆ ಮಾಡಲ್ಲ.

ಹಸಿರು ಬಂಡಿಯ ಬಾನೆಟ್ ಮೇಲೆ ಕಾಗದ ಇಟ್ಕೊಂಡು ಬರೀತಿದೀನಿ. ಸಾಲು ಜಾರಿ ಕೆಳಗೆ ಹೋದ್ರೆ ಅದು ಬಾನೆಟ್ಟಿನ ತಪ್ಪು. ಅಷ್ಟಕ್ಕೂ ಆ ಬಾನೆಟ್ಟು ನಿನ್ನ ನೀಲಿ ಬಂಡೀದು, ಒಳಗಡೆ ಮಾವ ಇಟ್ಟ ನೀಲಿ ಚುಕ್ಕಿ ಹಾಗೇ ಇದೆ. ನಿನ್ನ ಬಂಡಿಯ ಎಡ ಬಾಗಿಲು ನಂದು, ಅದಕ್ಕೆ ಹಸಿರು ಚುಕ್ಕಿ. ಮಾವ ಇರೋವರೆಗೂ ಎರಡು ಪಿಕಪ್ಪೂ ಒಂದೇ ಒಲೆಯಲ್ಲಿ ಉಂಡ ಹಾಗಿದ್ವು. ಒಂದು ಕೆಟ್ಟರೆ ಇನ್ನೊಂದರಿಂದ ಕಿತ್ತು ಹಾಕೋರು, ಯಾವುದು ಎಲ್ಲಿಂದ ಬಂತು ಅಂತ ಮರೀಬಾರದು ಅಂತ ಬಣ್ಣದ ಚುಕ್ಕಿ ಇಡೋರು. ಈಗ ಹಸಿರು ನನ್ನ ಪಾಲು, ನೀಲಿ ನಿನ್ನ ಪಾಲು, ಇಬ್ಬರ ಮುಖ ಎರಡು ದಿಕ್ಕಿಗೆ.

ವಿಷಯಕ್ಕೆ ಬರ್ತೀನಿ. ನೀನು ನೀಲೀನ ಕೊಯ್ತಾ ಇದೀಯ ಅಂತ ಟಯರ್ ಅಂಗಡಿಯವನು ಹೇಳಿದ. ಹೊಸ ಕಾರಿನ ಇಂಜಿನ್ ಕೂರಿಸ್ತೀಯಂತೆ. ಮುಂದಕ್ಕೆ ಡಿಸ್ಕ್ ಬ್ರೇಕಂತೆ. ಹೊಟ್ಟೆ ನೆಲಕ್ಕೆ ತಾಗೋ ಹಾಗೆ ತಗ್ಗಿಸ್ತೀಯಂತೆ. ಯಾಕೋ, ಅದೇನು ಹಲ್ಲೀನಾ? ನಿಮ್ಮಪ್ಪ ಬೆವರು ಸುರಿಸಿ ಓಡಿಸಿದ ಬಂಡಿ ಕಣೋ ಅದು. ನಿನ್ನ ಕೈಗೆ ಏನು ಸಿಕ್ಕಿದ್ರೂ ಕೊಯ್ದು ಹಾಕೋದೇ. ನಿನಗೆ ಕತ್ತರಿ ಅಂತ ಹೆಸರಿಟ್ಟೋನು ಯಾರೋ ಪುಣ್ಯಾತ್ಮ. ಓ, ನಾನೇ ಅಲ್ವಾ.

ಹಿಂದಿನ ಆಕ್ಸಲ್ಲೂ ಕಿತ್ತು ಬಿಸಾಕ್ತೀಯಂತೆ. ಅದರೊಳಗಿನ ಕ್ರೌನ್ ಪಿನಿಯನ್, ಆ ಹಲ್ಲುಚಕ್ರದ ಜೋಡಿ, ನನಗೆ ಬೇಕು. ನಂದರ ಹಲ್ಲು ಸವೆದು ಮುದುಕಿ ಬಾಯಿ ಆಗಿದೆ. ಎಲ್ಲ ಗುಜರಿ ಅಂಗಡಿ ಸುತ್ತಿದೆ. ನೋಡೋಕೆ ಒಂದೇ ಥರ ಇರೋದು ಮೂರು ಕಡೆ ಸಿಕ್ತು. ತಂದು ಕೂರಿಸಿದ್ರೆ ಒಂದಕ್ಕೆ ಬೋಲ್ಟು ಸೇರಲ್ಲ, ಇನ್ನೊಂದಕ್ಕೆ ಹಲ್ಲು ಕೂಡಲ್ಲ, ಮೂರನೇದು ಕೂತ್ರೂ ಜಾಕ್ ಮೇಲೆ ತಿರುಗಿಸಿದ್ರೆ ನರಿ ಥರ ಊಳಿಡುತ್ತೆ. ನನ್ನದಕ್ಕೆ ಸೇರೋದು ನಿನ್ನದೊಂದೇ.

ಈ ವರ್ಷ ಮುಗಿಯೋದ್ರೊಳಗೆ ಹಸಿರು ಓಡಬೇಕು. ನಾನೇ ಕೂತು ಓಡಿಸಬೇಕು. ಯಾಕೆ ಅಂತ ಕೇಳಬೇಡ, ಹೇಳೋಕೆ ನೀನೇನು ನನ್ನ ಮಾವನಾ?

ಇಂತಿ, ನಿನ್ನ ಹಣೆಬರಹದಿಂದ ನಿನಗೆ ಸಿಕ್ಕಿದ
ಭಾವ


ಜೂನ್ ೧೯

ಭಾವನವರ ಸನ್ನಿಧಾನಕ್ಕೆ,

ನಿಮ್ಮ ಕಾಗದ ತಲುಪಿತು. ಸಾಲುಗಳು ಬಾನೆಟ್ ಇಳಿದು ಬಂಪರ್ ದಾಟಿ ರಸ್ತೆಗೇ ಹೋಗಿದ್ವು. ಬರೆಯೋದನ್ನೂ ಒರಿಜಿನಲ್ ಸ್ಥಿತಿಯಲ್ಲಿ ಉಳಿಸ್ಕೊಂಡಿದೀರ, ಒಂದನೇ ಕ್ಲಾಸಿನದು. ಸಂತೋಷ.

ಕ್ರೌನ್ ಪಿನಿಯನ್ ಕೊಡಲ್ಲ.

ಯಾಕೆ ಅಂತ ನೀವು ಕೇಳಬಹುದು, ನಾನು ಹೇಳ್ತೀನಿ. ನೀಲಿ ಬಂಡೀನ ಕೊಯ್ತೀನಿ ಅಂತ ಅಳ್ತೀರಲ್ಲ, ಆ ಬಂಡಿಯ ಬ್ರೇಕು ಇಳಿಜಾರಲ್ಲಿ ಕೈಕೊಟ್ಟು ಅಪ್ಪ ಗೋಡೆಗೆ ಒರಗಿಸಿ ನಿಲ್ಲಿಸಿದಾಗ ಪಕ್ಕದಲ್ಲಿ ಕೂತಿದ್ದೋನು ನಾನು. ನೀವಲ್ಲ. ನನಗೆ ಡಿಸ್ಕ್ ಬ್ರೇಕ್ ಬೇಕು. ಒತ್ತಿದ್ರೆ ನಿಲ್ಲೋ ಬಂಡಿ ಬೇಕು. ನಿಮಗೆ ಬೇಕಾಗಿರೋದು ಕಂಪನಿ ಬಿಟ್ಟ ದಿನ ಹೇಗಿತ್ತೋ ಹಾಗೇ ಇರೋ ಹೆಣ, ಪೌಡರ್ ಹಚ್ಚಿ ಕೂರಿಸೋಕೆ.

ಇನ್ನು ಆ ಹೆಸರು. ಗಿರಾಕಿಗಳ ಮುಂದೆ, ಅಪ್ಪನ ಮುಂದೆ, ನಗೆಯಾಡ್ತಾ ಇಟ್ಟುಬಿಟ್ರಿ. ನಿಮಗೆ ಅದು ಆ ದಿನದ ಜೋಕು. ನಾನು ಗ್ಯಾರೇಜ್ ಬಿಟ್ಟು ಬೇರೆ ಊರಲ್ಲಿ ಬೋರ್ಡ್ ಹಾಕಿದ್ರೆ, ಬಣ್ಣ ಬರೆಯೋನು ಕೇಳಿದ್ದು ಏನು ಗೊತ್ತಾ? "ಸಾರ್, ಒಂದು ಕತ್ತರಿ ಚಿತ್ರಾನೂ ಹಾಕ್ಲಾ?" ನಿಮ್ಮ ಜೋಕಿಗೆ ಚಕ್ರ ಇದೆ ಭಾವ, ನಾನು ಹೋಗೋಕೆ ಮುಂಚೆ ಅದು ಹೋಗಿರುತ್ತೆ.

ಆಕ್ಸಲ್ ಗುಜರಿಗೆ ಹಾಕ್ತೀನಿ. ಅಲ್ಲಿ ಹೋಗಿ ಹುಡುಕ್ಕೊಳ್ಳಿ.

ಅಕ್ಕನಿಗೆ ನನ್ನ ನೆನಪು ಹೇಳಿ. ನಿಮ್ಮ ಹತ್ತಿರ ಹೇಳಿಸ್ಬೇಕಲ್ಲ ಅನ್ನೋದೇ ಬೇಜಾರು.

ನೀವೇ ಇಟ್ಟ ಹೆಸರಿನ,
ಕತ್ತರಿ


ಜುಲೈ ೭

ಕತ್ತರಿಗೆ,

ನಿನ್ನ ಕಾಗದ ನಿನ್ನ ಅಕ್ಕ ಜೋರಾಗಿ ಓದಿದಳು, ಪಕ್ಕದ ಕ್ಷೌರದಂಗಡಿಯವನಿಗೂ ಕೇಳಿಸ್ತು. "ಕೊಡಲ್ಲ" ಅನ್ನೋ ಜಾಗ ಬಂದಾಗ ಅವನು ಕತ್ತಿ ನಿಲ್ಲಿಸಿ "ಸರಿಯಾಗಿ ಹೇಳಿದ" ಅಂದ. ನೋಡು, ನನ್ನ ಬೀದಿಯಲ್ಲೇ ನಿನ್ನ ಪಕ್ಷ ಕಟ್ಟಿದೀಯ.

ಹೆಣಕ್ಕೆ ಪೌಡರ್ ಅಂತೀಯ. ಹೂಂ. ನಿಂದು ಹೆಣದ ಮೈಗೆ ಹುಡುಗನ ಕಾಲು ಹೊಲಿಯೋ ಕೆಲಸ. ಎರಡರಲ್ಲಿ ಯಾವುದು ಹೆಚ್ಚು ಮರ್ಯಾದಸ್ತರದು ಅಂತ ನಿನ್ನ ಬೋರ್ಡ್ ಬರೆಯೋನನ್ನೇ ಕೇಳು.

ಸರಿ, ಬೈದದ್ದಾಯ್ತು. ವ್ಯಾಪಾರ ಮಾತಾಡೋಣ. ನಿನ್ನ ನೀಲಿಗೆ ಮೂತಿ ಜಾಲರಿ ಇಲ್ಲ, ನಿಮ್ಮಪ್ಪ ಗೋಡೆಗೆ ಒರಗಿಸಿದಾಗಲೇ ಅದು ಚಪಾತಿ ಆಗಿಹೋಯ್ತು. ಆಮೇಲಿಂದ ಅದರ ಮುಖ ಹಲ್ಲು ಕಟ್ಟಿಸದ ಮುದುಕನ ಹಾಗಿದೆ. ನನ್ನ ಹಸಿರು ಬಂಡಿ ಜಾಲರಿ ತಗೋ. ಎರಡು ವರ್ಷ ಹಿಂದಿನ ಮಾಡೆಲ್ ಆದ್ರೂ ತೂತು ತೂತಿಗೆ ಸೇರುತ್ತೆ, ಮೇಲಿನ ಪಟ್ಟಿ ಒಂಚೂರು ಬಗ್ಗಿಸಬೇಕು ಅಷ್ಟೆ. ಕಂಪನಿ ಮಾಲು. ಒಂದು ಗೀರಿಲ್ಲ. ನಾನೇ ಹಲ್ಲುಜ್ಜೋ ಬ್ರಶ್ಶಲ್ಲಿ ಉಜ್ಜಿದೀನಿ, ನನ್ನ ಹಲ್ಲಿಗೂ ಅಷ್ಟು ಉಜ್ಜಿಲ್ಲ.

ಜಾಲರಿ ನಿನಗೆ. ಕ್ರೌನ್ ಪಿನಿಯನ್ ನನಗೆ.

ಮುಖ ಇಲ್ಲದೆ ಓಡಿಸ್ತೀನಿ. ಓಡಿದ್ರೆ ಸಾಕು.

ನಿನ್ನ ಮೇಲೆ ಕೋಪ ಕಮ್ಮಿಯಾಗದ
ಭಾವ


ಜುಲೈ ೨೪

ಭಾವನವರಿಗೆ,

ಜಾಲರಿ ಬಂತು. ಪೆಟ್ಟಿಗೆ ಬಿಚ್ಚಿದೆ. ಇದು ಮೋಸ ಇರಬೇಕು ಅಂತ ಹಿಂದೆ ಮುಂದೆ ತಿರುಗಿಸಿ ನೋಡಿದೆ. ನಿಜವಾದದ್ದೇ. ಒಂದು ಕಾಲದಲ್ಲಿ ಇದಕ್ಕೆ ನಾನು ಒದ್ದೆ ಬಟ್ಟೆ ತಾಗಿಸಿದೆ ಅಂತ ಮಧ್ಯಾಹ್ನದ ಊಟಕ್ಕೆ ಕರೀದೆ ಬಿಟ್ಟೋರು ನೀವು. ನಿಮಗೆ ಏನಾಗಿದೆ? ಬುದ್ಧಿ ಬಂತಾ, ಇದ್ದದ್ದೂ ಹೋಯ್ತಾ?

ಮಾತು ಕೊಟ್ಟಿಲ್ಲ ಅಂತ ನಾನು ಜಾಲರಿ ನುಂಗಿ ಕೂರಬಹುದಿತ್ತು. ಆದ್ರೆ ಅಕ್ಕನ ಮುಖ ನೆನಪಾಯ್ತು. ಕ್ರೌನ್ ಪಿನಿಯನ್ ಸೆಟ್ಟು ಮರದ ಪೆಟ್ಟಿಗೆಯಲ್ಲಿ ಹಾಕಿ ಪಾರ್ಸಲ್ ಲಾರಿಗೆ ಏರಿಸಿದೀನಿ. ನಾಲ್ಕು ಜನ ಹಿಡಿದು ಇಳಿಸಿ, ಸೊಂಟ ಹಿಡ್ಕೊಂಡ್ರೆ ಅದಕ್ಕೂ ನನ್ನ ಮೇಲೆ ಬರ್ತೀರ.

ಒಂದು ಮಾತು. ಇದು ಆಕ್ಸಲ್ ಹೌಸಿಂಗ್ ಒಳಗೆ ಎರಡು ಕಡೆಯಿಂದಲೂ ಕೂರುತ್ತೆ, ಬೋಲ್ಟುಗಳು ಎರಡು ಕಡೆಗೂ ಸರಿಯಾಗೇ ಬೀಳ್ತವೆ. ತಿರುಗಿಸಿ ಕೂರಿಸಿದ್ರೆ ಮುಂದಕ್ಕೆ ಹೋಗೋ ಗೇರಲ್ಲೆಲ್ಲ ಬಂಡಿ ಹಿಂದಕ್ಕೇ ಹೋಗುತ್ತೆ. ನಿಮಗೆ ನಾನು ಹೇಳಿಕೊಡೋದಾ ಅಂತ ಹುಬ್ಬು ಏರಿಸಬೇಡಿ. ಹೇಳಿಕೊಟ್ಟೋರು ನೀವೇ. ಚುಕ್ಕಿ ಯಾವಾಗಲೂ ಡ್ರೈವರ್ ಕಡೆಗೆ. ಅಪ್ಪ ನಿಯಮ ಮಾಡಿದ್ರು, ನೀವು ನನ್ನ ತಲೆಗೆ ಮೊಟಕಿ ಮೊಟಕಿ ಕಲಿಸಿದ್ರಿ. ಮೊಟಕಿದ ಜಾಗ ಇನ್ನೂ ಬೋಳಾಗೇ ಇದೆ.

ಅಪ್ಪ ಇಟ್ಟ ನೀಲಿ ಚುಕ್ಕಿ ಮಾಸಿಹೋಗಿತ್ತು. ಆಮೇಲೆ ಕಾಣಲಿಲ್ಲ, ಕೇಳಲಿಲ್ಲ ಅಂತ ಜಗಳ ತೆಗೀತೀರ ಅಂತ ಅದರ ಮೇಲೇ ಬಿಳಿ ಪೇಂಟಲ್ಲಿ ಹೊಸದಾಗಿ ಇಟ್ಟಿದೀನಿ. ಚಹಾ ತಟ್ಟೆಯಷ್ಟು ದೊಡ್ಡದು. ಚುಕ್ಕಿ ಅಲ್ಲ, ಚಂದ್ರ.

ಲೆಕ್ಕ ಚುಕ್ತಾ. ಇನ್ನು ಕಾಗದ ಬರೀಬೇಡಿ.

ಕತ್ತರಿ


ಸೆಪ್ಟೆಂಬರ್ ೧೧

ದ್ರೋಹಿಗೆ,

ಬರೀಬೇಡಿ ಅಂದಿದ್ದೆಯಲ್ಲ. ಬರೀತೀನಿ. ಇಡೀ ಕಾಗದ ಬೈಗುಳಕ್ಕೇ ಮೀಸಲು, ಕೂತ್ಕೊಂಡು ಓದು.

ನಿನ್ನ ಸೆಟ್ಟು ಕೂರಿಸಿದೆ. ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ ಒಬ್ಬನೇ ಕೂರಿಸಿದೆ. ಎಣ್ಣೆ ಹಾಕಿದೆ. ನಿನ್ನೆ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡು ಹಸಿರು ಬಂಡಿ ಹತ್ತಿದೆ. ನಿನ್ನ ಅಕ್ಕ ಬಾಗಿಲಲ್ಲಿ ನಿಂತಿದ್ಲು. ಕ್ಷೌರದವನು ಆಚೆ ಬಂದ, ಅವನ ಹಿಂದೆ ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡ ಗಿರಾಕಿ. ಫ್ಯಾನ್ ಬೆಲ್ಟ್ ಅಂಗಡಿಯವನು, ಟಯರಿನವನು, ಎಲ್ಲ. ಮೆರವಣಿಗೆಗೆ ನಿಂತ ಹಾಗೆ.

ಇಂಜಿನ್ ಎದ್ದಿತು. ಅಬ್ಬಾ, ಆ ಶಬ್ದ. ಮಾವ ಕೆಮ್ಮಿದ ಹಾಗಿತ್ತು. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟೆ. ಬಂಡಿ ರಸ್ತೆಗೆ ಹೋಗೋ ಬದಲು ಹಿಂದಕ್ಕೆ ಹಾರಿ ಗ್ಯಾರೇಜಿನೊಳಗೆ ನುಗ್ಗಿ ಪಾನಾ ಹಲಗೆ ಪೂರಾ ಮೇಲೆ ಬೀಳಿಸ್ಕೊಳ್ತು. ಸೆಕೆಂಡ್ ಹಾಕಿದೆ, ಇನ್ನೂ ಜೋರಾಗಿ ಹಿಂದಕ್ಕೆ. ರಿವರ್ಸ್ ಹಾಕಿದ್ರೆ ಮುಂದಕ್ಕೆ ಹೋಯ್ತು. ಕ್ಷೌರದವನು, "ಮೇಸ್ತ್ರಿ, ಬಂಡಿ ಏನೋ ಮರೆತು ಬಂದಿರಬೇಕು, ತಗೊಂಡು ಬರಲಿ ಬಿಡಿ" ಅಂದ. ನೊರೆಯವನು ನಕ್ಕ ನಗೂಗೆ ನೊರೆ ಎಲ್ಲ ಬಾಯೊಳಗೆ.

ಮೂವತ್ತು ವರ್ಷ ಈ ಬೀದಿಯಲ್ಲಿ ಬೇರೆಯವರನ್ನ ನಗೆಪಾಟಲು ಮಾಡಿದೋನು ನಾನು. ನಿನ್ನೆ ನಾನೇ ನಾಟಕ, ನಾನೇ ಬಫೂನು.

ನೀನು ಬೇಕಂತಲೇ ಮಾಡಿದೀಯ. ಬಿಳಿ ಚುಕ್ಕಿ ಇಟ್ಟಿದೀನಿ, ಚಂದ್ರ, ಸೂರ್ಯ ಅಂತ ಕೊಚ್ಚಿಕೊಂಡೆ. ಎಲ್ಲಿದೆಯೋ ಚುಕ್ಕಿ? ಗ್ರೀಸ್ ಪೂರ್ತಿ ಒರೆಸಿ, ಸುತ್ತಲೂ ಮೂಲೆ ಮೂಲೆ ಕೈಯಾಡಿಸಿ ನೋಡಿದೆ. ಇಲ್ಲ. ಚುಕ್ಕಿಯೇ ಇಲ್ಲ. ಇಟ್ಟಿದೀನಿ ಅಂತ ಬರೆದು ನನ್ನ ನಂಬಿಸಿ, ಇಡದೇ ಕಳಿಸಿದೀಯ. ಜಾಲರಿ ನುಂಗಿ ನೀರು ಕುಡಿದೆ. ನಿಮ್ಮಪ್ಪನ ನಿಯಮದ ಮೇಲೆ ಆಟ ಆಡಿದೀಯಲ್ಲೋ, ಥೂ.

ನಿನ್ನ ಭಾವ ಅಂತ ಹೇಳ್ಕೊಳ್ಳೋಕೆ ನಾಚಿಕೆಯಾಗ್ತಿರೋ,
ಭಾವ


ಸೆಪ್ಟೆಂಬರ್ ೧೮

ಭಾವ,

ಮೊದಲನೇ ಸಲ ಓದಿದಾಗ ಹೊಟ್ಟೆ ಹಿಡ್ಕೊಂಡು ನಕ್ಕೆ. ಅಂಗಡಿಯವರಿಗೆಲ್ಲ ಓದಿ ಹೇಳಿದೆ. ವೆಲ್ಡಿಂಗ್ ಮಾಡೋನು ನಕ್ಕು ನಕ್ಕು ನೆಲದ ಮೇಲೆ ಕೂತ. ನೊರೆಯವನ ಜಾಗ ಎರಡು ಸಲ ಓದಿಸಿದ.

ಆಮೇಲೆ ಒಬ್ಬನೇ ಕೂತು ಇನ್ನೊಂದು ಸಲ ಓದಿದೆ.

ಚುಕ್ಕಿ ಇದೆ. ನಾನೇ ಇಟ್ಟಿದ್ದು, ಒಣಗೋವರೆಗೂ ಕಾದು ಪೆಟ್ಟಿಗೆಗೆ ಹಾಕಿದ್ದು. ಲಾರಿಯವನು ಕೂಡ ಅದೇನು ಅಂತ ಕೇಳಿದ್ದ.

ಬಣ್ಣಾನ ಯಾರಾದ್ರೂ ಕೈಯಾಡಿಸಿ ಹುಡುಕ್ತಾರಾ ಭಾವ?

ಜಾಲರಿ ಕಿತ್ತು ಕೊಟ್ಟಾಗಲೇ ನನಗೆ ಹೊಳೀಬೇಕಿತ್ತು. "ಓಡಿದ್ರೆ ಸಾಕು" ಅಂತ ನೀವು ಬರೆಯೋದಾ? ಸಾಲುಗಳು ಜಾರೋದು ಬಾನೆಟ್ಟಿಂದಲ್ಲ. ಕಾಗದ ಅಕ್ಕ ಯಾಕೆ ಓದಿದ್ಲು, ನೀವು ಯಾಕೆ ಓದಲಿಲ್ಲ?

ಎಷ್ಟು ಕಾಣುತ್ತೆ? ಸುಳ್ಳು ಹೇಳಬೇಡಿ, ಜೋಕೂ ಹೇಳಬೇಡಿ.

ಅಕ್ಕ, ಇದನ್ನೂ ನೀನೇ ಓದ್ತಿದ್ರೆ, ಈ ಸಾಲು ಮನಸ್ಸಲ್ಲೇ ಓದ್ಕೊ: ಬಂಡಿ ಕೀಲಿ ತೆಗೆದು ನಿನ್ನ ಹತ್ತಿರ ಇಟ್ಕೊ.


ಅಕ್ಟೋಬರ್ ೫

ಕತ್ತರಿಗೆ,

ನಿನ್ನ ಅಕ್ಕ ಎಲ್ಲಾ ಸಾಲೂ ಜೋರಾಗೇ ಓದಿದಳು. ಅವಳು ನನ್ನ ಹೆಂಡತಿ, ನಿನ್ನ ಗೂಢಚಾರಿಣಿ ಅಲ್ಲ. ಆಮೇಲೆ ಕೀಲಿ ಹುಡುಕಿದ್ರೆ ಸಿಗ್ತಿಲ್ಲ. ಅದು ಬೇರೆ ವಿಷಯ.

ನನ್ನ ಕಣ್ಣು ನಿನ್ನ ಅಪ್ಪನ ಮನೆ ಆಸ್ತಿ ಅಲ್ಲ, ಪಾಲು ಕೇಳೋಕೆ. ಕೇಳಿದೀಯಲ್ಲ, ತಗೋ. ಡಾಕ್ಟ್ರು ಹೇಳಿದ್ದು, ಕಣ್ಣಿನ ನರ ಒಣಗ್ತಿದೆ, ಸುತ್ತಲಿಂದ ಕತ್ತಲು ಬರುತ್ತೆ. ಬಂದಿದೆ. ಸೈಲೆನ್ಸರ್ ಪೈಪಿನ ಈ ಕಡೆಯಿಂದ ಆ ಕಡೆ ನೋಡಿದ ಹಾಗೆ ಕಾಣುತ್ತೆ, ಅದೂ ಹೊಗೆ ತುಂಬಿದ ಪೈಪು. ಔಷಧಿ ಇರೋದನ್ನ ಹಿಡಿದು ನಿಲ್ಲಿಸೋಕಂತೆ, ಹೋದದ್ದು ಬರಲ್ಲವಂತೆ. ಮನುಷ್ಯನ ಬಾಡಿ ಮಾಡಿದ ಕಂಪನಿಯವರು ಒಬ್ಬರದು ಇನ್ನೊಬ್ಬರಿಗೆ ಸೇರೋ ಹಾಗೆ ಯೋಚನೆ ಮಾಡಿಲ್ಲ. ದಡ್ಡರು.

ಮಾವ ಕೀಲಿ ನನ್ನ ಕೈಗಿಟ್ಟ ದಿನ ಬಂಡಿ ಬಿಚ್ಚಿದ ಸ್ಥಿತೀಲಿತ್ತು. ಜೋಡಿಸಿ ಓಡಿಸ್ತೀನಿ ಅಂದೆ. ಒಂದೇ ಒಂದು ಸಲಾನೂ ಮುಂದಕ್ಕೆ ಓಡಿಸಿಲ್ಲ. ಪೈಪು ಪೂರ್ತಿ ಮುಚ್ಚೋಕೆ ಮುಂಚೆ ಒಂದು ಸಲ. ಅಷ್ಟೇ ನನ್ನ ಆಸೆ, ಅದಕ್ಕೂ ಕೀಲಿ ಬಚ್ಚಿಡಿಸಿದೀಯ.

ಇಲ್ಲಿ ವಿಷಯ ತಿಳಿದ ಮೇಲೆ ಎಲ್ಲರೂ ಹತ್ತಿಯಲ್ಲಿ ಸುತ್ತಿದ ಹಾಗೆ ಮಾತಾಡ್ತಾರೆ. ಕ್ಷೌರದವನು ಕೈ ಹಿಡಿದು ರಸ್ತೆ ದಾಟಿಸ್ತಾನೆ, ನನಗೆ ದಾಟೋದೇ ಬೇಕಿಲ್ಲದಿದ್ರೂ. ನೀನೂ ಹಾಗೆ ಶುರು ಮಾಡಿದ್ರೆ ನಿನ್ನ ಕಾಗದ ಒಲೆಗೆ. ಬೈಯೋದಿದ್ರೆ ಬೈ. ಇಲ್ಲದಿದ್ರೆ ಸುಮ್ಮನಿರು.

ಭಾವ


ಅಕ್ಟೋಬರ್ ೧೪

ಭಾವನವರಿಗೆ,

ಕನಿಕರ ನಮ್ಮ ಅಂಗಡಿಯಲ್ಲಿ ಸ್ಟಾಕ್ ಇಲ್ಲ. ನಿಮಗೆ ಅಂತ ತರಿಸೋದೂ ಇಲ್ಲ.

ಬರೋ ಭಾನುವಾರ ನೀಲಿ ತಗೊಂಡು ಬರ್ತೀನಿ. ಆಕ್ಸಲ್ ಬಿಚ್ಚಿ ಸರಿಯಾಗಿ ಕೂರಿಸ್ತೀನಿ. ನಾನು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು "ಹಾಗಲ್ಲ ಕಣೋ" ಅಂತ ಅಂದ್ರೆ ಪಾನಾ ಬಿಟ್ಟು ಎದ್ದು ಹೋಗ್ತೀನಿ, ಅಕ್ಕ ಅತ್ತರೂ ನಿಲ್ಲಲ್ಲ.

ಓಡಿಸೋದು ಗೂಡ್ಸ್ ಶೆಡ್ ಹಿಂದಿನ ಖಾಲಿ ಜಾಗದಲ್ಲಿ ಮಾತ್ರ. ಬಂಡೀನ ಅಲ್ಲಿವರೆಗೂ ನಾನು ಒಯ್ತೀನಿ. ರಸ್ತೆಗೆ ತಿರುಗಿಸಿದ್ರೆ ನಾಲ್ಕು ಚಕ್ರವೂ ಕಿತ್ಕೊಂಡು ಹೋಗ್ತೀನಿ. ಪಕ್ಕದಲ್ಲಿ ನಾನು ಕೂರ್ತೀನಿ. ಎಡ ಅಂದ್ರೆ ಎಡ, ನಿಲ್ಲಿಸಿ ಅಂದ್ರೆ ನಿಲ್ಲಿಸಬೇಕು. ಹುಟ್ಟಿದಾಗಿಂದ ಯಾರ ಮಾತೂ ಕೇಳದೋರು ನೀವು, ಅವತ್ತೊಂದು ದಿನ ಕೇಳಿ. ಚಕ್ರ ತಿರುಗ್ತಿರುವಾಗ ಒಂದು ಜೋಕ್ ಹೊಡೆದ್ರೂ ಕೀಲಿ ಆಫ್.

ಊಟ ಅಕ್ಕನಿಗೋಸ್ಕರ ಮಾಡ್ತೀನಿ. ನಿಮ್ಮ ಜೊತೆ ಅಲ್ಲ.

ಕತ್ತರಿ


ನವೆಂಬರ್ ೨

ಕತ್ತರಿಗೆ,

ಹೇಳೋದು ನಾನು, ಬರೆಯೋದು ನಿನ್ನ ಅಕ್ಕ. ಅಕ್ಷರ ಚೆನ್ನಾಗಿದೆ ಅಂತ ಮೋಸ ಹೋಗಬೇಡ, ಬೈಗುಳ ನಂದೇ.

ಅವತ್ತು ನೀನು ನನ್ನ ಬೈಗುಳ ಕೇಳಿಸ್ಕೊಳ್ಳದೆ ಹೊರಟುಹೋದೆ. ಈಗ ಕೇಳಿಸ್ಕೋ. ಇಡೀ ಮೈದಾನ ಖಾಲಿ ಇತ್ತು. ಖಾಲಿ ಅಂದ್ರೆ ಖಾಲಿ. ಅದರಲ್ಲಿ ಇದ್ದದ್ದು ಒಂದೇ ಒಂದು ವಸ್ತು, ನಿನ್ನ ನೀಲಿ ಬಂಡಿ. ನಿಲ್ಲಿಸೋಕೆ ಬೇರೆ ಜಾಗ ಸಿಗಲಿಲ್ವಾ? ನಾನು ಮೂರು ಸುತ್ತು ಹೊಡೆದೆ, ಥರ್ಡ್ ಗೇರ್ ಹಾಕಿದೆ, ಮುಂದಕ್ಕೇ ಹೋಯ್ತು. ನಾಲ್ಕನೇ ಸುತ್ತಿಗೆ ಅದೇ ಅಡ್ಡ ಬಂತು.

(ಅಡ್ಡ ಬರಲಿಲ್ಲ, ನಿಂತಿತ್ತು. ನೀನು "ಎಡಕ್ಕೆ, ಎಡಕ್ಕೆ, ಕುರುಡ್ ಮುಂಡೇದೇ" ಅಂತ ಕಿರುಚಿದ್ದು ಶೆಡ್ಡಿನವರೆಗೂ ಕೇಳಿಸ್ತು. ಇವರು ಅದನ್ನ ಈಗಲೂ ಹೇಳ್ಕೊಂಡು ನಗ್ತಾರೆ. — ಅಕ್ಕ)

ಹೌದು, ನೀನು ಆ ಮಾತು ಅಂದೆ. ದೊಡ್ಡೋರು ಚಿಕ್ಕೋರು ಇಲ್ಲ. ಈ ಬೀದಿಯಲ್ಲಿ ಒಬ್ಬನಾದ್ರೂ ಬಾಯಿ ಬಿಟ್ಟು ಆ ಪದ ಹೇಳಿದ್ನಾ? ನಿನಗೆ ಮರ್ಯಾದೆ ಅನ್ನೋದು ಒರಿಜಿನಲ್ಲಾಗೇ ಫಿಟ್ ಮಾಡಿಲ್ಲ. ಊಟಕ್ಕೆ ಕೂತಾಗಲೂ ಬೈದೆ. ಎರಡು ಸಲ ಬಡಿಸ್ಕೊಂಡು ಬೈದೆ.

ನಿನ್ನ ಬಂಪರ್ ಪುಡಿಯಾಯ್ತಲ್ಲ, ಹೊಸ ಕಾಲದ ಮಾಲು, ಬಿಸ್ಕತ್ತು. ಹಸಿರಿನ ಬಂಪರ್ ಕಿತ್ತು ಪಾರ್ಸಲ್ ಮಾಡಿಸಿದೀನಿ. ಕಬ್ಬಿಣ. ಬೋಲ್ಟು ತೂತು ನೇರಾ ಬೀಳುತ್ತೆ, ಏನೂ ಕೊಯ್ಯಬೇಕಿಲ್ಲ, ಕೊಯ್ಯದೆ ಇರೋದು ಹೇಗೆ ಅಂತ ಕಲಿ. ಹಸಿರು ಚುಕ್ಕಿ ಒಳಗಡೆ ಇದೆ. ಯಾವ ಕಡೆಗೆ ಅಂತ ಹೇಳಲ್ಲ. ತಪ್ಪಿದ್ರೆ ಬಂದು ಮೊಟಕ್ತೀನಿ, ತಲೆ ಎಲ್ಲಿದೆ ಅಂತ ಕೈಯಾಡಿಸಿ ಹುಡುಕ್ಕೊಂಡು.

ಜಾಲರಿ ವಾಪಸ್ ತಂದು ಹಾಕಿ ಹೋಗಿದೀಯ. ಕೇಳಿದ್ನಾ ನಾನು? ಕೊಟ್ಟ ಮಾಲು ವಾಪಸ್ ಮಾಡೋದು ಯಾವ ಊರಿನ ವ್ಯಾಪಾರ?

ಈಗ ದೊಡ್ಡ ವಿಷಯ. ನಿನ್ನೆ ಹಲಗೆ ಮೇಲಿನ ಸಾಮಾನು ಜೋಡಿಸ್ತಿದ್ದೆ. ಬ್ರೇಕ್ ಡ್ರಮ್ ಎತ್ತಿಕೊಂಡೆ, ಚುಕ್ಕಿ ಇರೋ ಜಾಗದಲ್ಲಿ ಬೆರಳಿಗೆ ಒಂದು ಗುಳಿ ಸಿಕ್ತು. ಯಾರೋ ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದ ಗುಳಿ. ಹಬ್ ಎತ್ತಿದೆ, ಅದಕ್ಕೂ ಗುಳಿ. ವಾಟರ್ ಪಂಪ್, ಸೆಲ್ಫ್ ಮೋಟರ್, ಗೇರ್ ಬಾಕ್ಸ್ ಮುಚ್ಚಳ. ಎಲ್ಲದಕ್ಕೂ ಚುಕ್ಕಿ ಮೇಲೇ, ಡ್ರೈವರ್ ಕಡೆಗೇ. ಹಸಿರಿನದಕ್ಕೆ ಒಂದು, ನೀಲೀದಕ್ಕೆ ಎರಡು. ಊಟ ಆದ ಮೇಲೆ ನಾವು ಮಲಗಿದಾಗ ಗ್ಯಾರೇಜಲ್ಲಿ ಟಕ್ ಟಕ್ ಅಂತಿದ್ದದ್ದು ನೀನು. ಹಸಿರಿನ ಬಂಪರ್ ಡೊಂಕು ತೆಗೀತಿದೀಯ ಅಂತ ನಾನು ಅಂದ್ಕೊಂಡಿದ್ದೆ.

ಕಂಪನಿ ಮಾಲು ಕಣೋ ಅದು. ಎಷ್ಟು ವರ್ಷ ಒಂದು ಗೀರು ಬೀಳದ ಹಾಗೆ ಕಾಪಾಡಿದ್ದೆ. ಕೊಯ್ಯೋದು ಸಾಲದು ಅಂತ ಈಗ ಗುದ್ದೋಕೂ ಶುರು ಮಾಡಿದೀಯ. ನಿನ್ನ ಕೈಗೆ ಬೀಗ ಹಾಕಬೇಕು.

ಅದನ್ನಾದ್ರೂ ನೆಟ್ಟಗೆ ಮಾಡಿದೀಯಾ? ಸ್ಟೇರಿಂಗ್ ಬಾಕ್ಸ್ ಮುಚ್ಚಳಕ್ಕೆ ಹೊಡೆದಿಲ್ಲ. ಅದೊಂದು ಬಿಟ್ಟೋಗಿದೆ. ಅರ್ಧ ಕೆಲಸ ಮಾಡಿ ಎದ್ದು ಹೋಗೋದು ನಿನ್ನ ಹಳೇ ಚಾಳಿ. ಬಂದು ಹೊಡೆದು ಹೋಗು.

ಇಂತಿ, ನಿನ್ನ ಮೇಲಿನ ಕೋಪ ಹಾಗೇ ಇಟ್ಕೊಂಡಿರೋ
ಭಾವ

(ಕಾಗದ ಮಡಿಸುವ ಮುಂಚೆ ಆ ಮುಚ್ಚಳ ಇಸ್ಕೊಂಡು ನೋಡಿದೆ. ಅದಕ್ಕೂ ಗುಳಿ ಇದೆ. ಹೊಡೆದಿಲ್ಲ ಅಂತ ಬರೆಸುವಾಗ ಇವರ ಹೆಬ್ಬೆರಳು ಅದರ ಮೇಲೇ ಇತ್ತು. — ಅಕ್ಕ)